ಬೆಲ್ಟು ಕಟ್ಟಿದ ಮೊಟ್ಟೆ

ಎದುರಿಗೆ ಯಾರೇ ಮಾತಿಗೆ ನಿಂತರೂ ಕಾಲೇಜಿನಲ್ಲಿ ‘ನಾಲಿಗೆ ಮೇಡಂ’ ಎಂದು ಹೆಸರಾದವರು ನಿಂತವರ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೇಳಿದರೆ, ಅವನ ಚಕಾರ ಅಂಗುಳಕ್ಕೆ ಸರಿಯಾಗಿ ತಾಗುತ್ತಿದೆಯೇ ಎಂದು ಗಮನಿಸುತ್ತ ಚಿಲ್ಲರೆ ಕೊಡುವುದನ್ನೇ ಮರೆಯುತ್ತಿದ್ದರು. ಕಂಡಕ್ಟರ್ ದನಿ ಏರಿಸಿ ಇನ್ನೊಮ್ಮೆ ಕೇಳುತ್ತಿದ್ದ. ಆಗ ಇವರಿಗೆ ಇನ್ನೊಂದು ಉದಾಹರಣೆ ಸಿಕ್ಕ ಸಂತೋಷ.

ಅವರು ಕೆಲಸ ಮಾಡುತ್ತಿದ್ದ ಕಾಲೇಜು ಚಿಕ್ಕದು. ತೊದಲುವವರಿಗೆ, ಕಾಯಿಲೆಯಿಂದ ಮಾತು ನಿಂತವರಿಗೆ, ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವವರನ್ನು ಅಲ್ಲಿ ತಯಾರು ಮಾಡುತ್ತಿದ್ದರು. ಮೊದಲ ವರ್ಷದವರಿಗೆ ಧ್ವನಿಶಾಸ್ತ್ರದ ಆರಂಭಪಾಠ ಮೇಡಂ ಅವರದು. ಮೊದಲ ದಿನ ಪುಸ್ತಕ ಮುಚ್ಚಿಸುತ್ತಿದ್ದರು.

“ಗಂಟಲ ಮೇಲೆ ಬೆರಳಿಡಿ. ಹಾವಿನ ಹಾಗೆ ಸ್ಸ್ ಅನ್ನಿ. ಗಂಟಲು ಸುಮ್ಮನಿದೆ. ಈಗ ದುಂಬಿ ಹಾಗೆ ಝ್ಝ್ ಅನ್ನಿ. ನಡುಗಿತಾ? ಸುಮ್ಮನಿದ್ರೆ ಅಘೋಷ, ನಡುಗಿದ್ರೆ ಘೋಷ. ಇಷ್ಟು ತಿಳಿಯೋಕೆ ನೀವು ಇಷ್ಟು ವಯಸ್ಸಾಗೋವರೆಗೆ ಕಾಯಬೇಕಾಯ್ತು.”

ಆಮೇಲೆ ತುಟಿಯೆದುರು ಕಾಗದದ ಚೂರು ಹಿಡಿಸಿ ಕ, ಖ ಅನ್ನಿಸುತ್ತಿದ್ದರು. ಮೊದಲನೆಯದಕ್ಕೆ ಅಲುಗದ ಕಾಗದ ಎರಡನೆಯದಕ್ಕೆ ಎಗರುತ್ತಿತ್ತು. ಮೂಗು ಹಿಡಿದುಕೊಂಡು ‘ಮಮಮ’ ಅನ್ನಿ ಎಂದರೆ ಇಡೀ ತರಗತಿ ನೆಗಡಿ ಹಿಡಿದ ಕುರಿಮಂದೆಯಂತೆ ‘ಬಬಬ’ ಎನ್ನುತ್ತಿತ್ತು. ಹೊರಗೆ ಓಡಾಡುವ ಜವಾನನಿಗೆ ವರ್ಷಕ್ಕೊಮ್ಮೆ ಇದೇ ಮನರಂಜನೆ.

ಯಾವ ವ್ಯಂಜನವಾದರೂ ಮೂರೇ ಪ್ರಶ್ನೆಗೆ ಸಿಕ್ಕಿಬೀಳುತ್ತದೆ ಎಂಬುದು ಅವರ ಪಾಠದ ಸಾರ. ಗಾಳಿಗೆ ಎಲ್ಲಿ ಅಡ್ಡಿ? ಹೇಗೆ ಅಡ್ಡಿ? ಗಂಟಲು ನಡುಗಿತೋ ಇಲ್ಲವೋ? ಪಕಾರವೆಂದರೆ ತುಟಿಯಲ್ಲಿ, ಪೂರ್ತಿ ತಡೆದು ಬಿಟ್ಟದ್ದು, ಗಂಟಲು ಸುಮ್ಮನೆ. ಸಕಾರವೆಂದರೆ ಮೇಲಿನ ಹಲ್ಲಿನ ಹಿಂದಿರುವ ಒಸಡಿನ ದಿಬ್ಬದ ಹತ್ತಿರ ನಾಲಿಗೆ ಹೋಗಿ, ನಡುವೆ ಸಣ್ಣ ಕಾಲುವೆ ಬಿಟ್ಟು, ಗಾಳಿಯನ್ನು ಉಜ್ಜಿ ಕಳಿಸಿದ್ದು. ಆ ಗಾಳಿ ಹಲ್ಲಿನ ಅಂಚಿಗೆ ಬಡಿದು ಸಿಳ್ಳೆಯಾಗುತ್ತದೆ. ಅದೇ ನಾಲಿಗೆ ಇನ್ನೊಂದು ಕೂದಲೆಳೆ ಮುಂದೆ ಬಂದು ಚಪ್ಪಟೆಯಾಗಿ ಹಲ್ಲಿಗೇ ಒರಗಿತೋ, ಕಾಲುವೆ ಮುಚ್ಚಿ ಸಿಳ್ಳೆ ಸತ್ತು ಬರೀ ಸರಸರ ಉಳಿಯುತ್ತದೆ. ಅದಕ್ಕೆ ನಮ್ಮ ವರ್ಣಮಾಲೆಯಲ್ಲಿ ಅಕ್ಷರವಿಲ್ಲ. ಒಂದೊಂದು ಶಬ್ದಕ್ಕೂ ಒಂದೊಂದು ಗುರುತಿರುವ ಧ್ವನಿಲಿಪಿಯಲ್ಲಿ ಅದರ ಚಿಹ್ನೆ ಮೊಟ್ಟೆಗೆ ನಡುವೆ ಬೆಲ್ಟು ಕಟ್ಟಿದಂತಿದೆ. ವಿದ್ಯಾರ್ಥಿಗಳು ಅದನ್ನು ಹಾಗೇ ಕರೆಯುತ್ತಿದ್ದರು.

ಮೇಡಂ ಕೂಡ ವಿದ್ಯಾರ್ಥಿಗಳನ್ನು ಹೆಸರಿನಿಂದ ಕರೆದವರಲ್ಲ. ಯಾರ ನಾಲಿಗೆ ಯಾವ ಶಬ್ದಕ್ಕೆ ತಿರುಗದೋ ಅದೇ ಅವರಿಗೆ ಹೆಸರು. ಬಾಗಿಲ ಪಕ್ಕದ ಬೆಂಚಿನ ಹುಡುಗಿ ಸೇರಿದ ಹೊಸದರಲ್ಲಿ ಹಕಾರವನ್ನೆಲ್ಲ ನುಂಗುತ್ತಿದ್ದಳು, ಅವಳು ಹಕಾರ. ಅವಳ ಹಿಂದಿನವನು ಳಕಾರ. ಯಾವ ಶಬ್ದ ಕೊಟ್ಟರೂ ಗಾಜಿನಂತೆ ನುಡಿಯುತ್ತಿದ್ದ ಕೊನೆಯ ಬೆಂಚಿನ ಮೋಟರ್‌ಬೈಕಿನವನಿಗೆ ಕೊಡಲು ಅಕ್ಷರವೇ ಸಿಗದೆ ಅವನನ್ನು ನಿರ್ದೋಷಿ ಎಂದು ಕರೆದಿದ್ದರು. ಅವನು ಅದನ್ನು ಪದವಿಯೆಂದು ತಿಳಿದು ತಿರುಗುತ್ತಿದ್ದ.

ಮನೆಯಲ್ಲಿಯೂ ಇದೇ ಆಡಳಿತ. ಯಜಮಾನರಿಗೆ ಬೀಗ ರಿಪೇರಿಯ ಅಂಗಡಿ. ಶಕಾರವೆಲ್ಲ ಅವರ ಬಾಯಲ್ಲಿ ಸಕಾರವಾಗುತ್ತಿತ್ತು. ಮದುವೆಯ ಮಾತುಕತೆಗೆ ಬಂದ ದಿನ ಅವರು “ನಮ್ಮದು ಸುದ್ಧ ವ್ಯವಹಾರ” ಎಂದಾಗ ಮದುವಣಗಿತ್ತಿ ಒಳಗಿನಿಂದಲೇ “ಶುದ್ಧ” ಎಂದು ತಿದ್ದಿದ್ದರಂತೆ. ಅಂದು ಶುರುವಾದ ತಿದ್ದುಪಡಿ ನಿಂತಿರಲಿಲ್ಲ.

ಹೀಗಿರುವಾಗ ಮೇಡಂ ಅವರ ಮೇಲಿನ ಹಲ್ಲುಗಳು ಒಂದೊಂದಾಗಿ ಕೈಕೊಟ್ಟವು. ಉಳಿದವನ್ನೂ ಕೀಳಿಸಿ, ಅಂಗುಳವನ್ನೆಲ್ಲ ಮುಚ್ಚುವ ಗುಲಾಬಿ ತಟ್ಟೆಯ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡರು. ಹಲ್ಲಿನ ಡಾಕ್ಟರು ಮಿತಭಾಷಿ. ಕಚ್ಚಿ ನೋಡಿ ಎಂದರು, ನೋಯುತ್ತಾ ಎಂದರು. ಕೊನೆಗೆ, “ಮಾತು ಹೊಂದಿಕೊಳ್ಳೋಕೆ ಸ್ವಲ್ಪ ದಿನ ಬೇಕು. ದಿನಾ ಗಟ್ಟಿಯಾಗಿ ಪೇಪರ್ ಓದಿ” ಎಂದರು.

“ಯಾರಿಗೆ ಹೇಳ್ತಿದ್ದೀರಿ?” ಎಂದರು ಮೇಡಂ.

“ಎಲ್ಲರಿಗೂ ಹೇಳ್ತೀನಮ್ಮಾ.”

ಎಲ್ಲರಿಗೂ ಹೇಳುವ ಮಾತು ತಮಗಲ್ಲ ಎಂದು ಮೇಡಂ ಮನೆಗೆ ಬಂದರು. ಪೇಪರನ್ನು ಎಂದಿನಂತೆ ಮನಸ್ಸಿನಲ್ಲಿಯೇ ಓದಿದರು. ತಮ್ಮ ಮಾತು ತಮಗೆ ಸರಿಯಾಗಿಯೇ ಕೇಳುತ್ತಿತ್ತು. ಯಜಮಾನರನ್ನು ಒಂದು ಸಲ ಕೇಳಿಯೂ ಕೇಳಿದರು. ಅವರು ಬೀಗದೊಳಗೆ ಇಣುಕುತ್ತ, “ನಿನ್ನ ಮಾತಿಗೆ ಏನಾಗಿದೆ? ಕಡಿಮೆಯಂತೂ ಆಗಿಲ್ಲ” ಎಂದರು. ಮೇಡಂ ಅದನ್ನು ಪ್ರಮಾಣಪತ್ರವೆಂದು ತೆಗೆದುಕೊಂಡರು.

ಮರುವಾರವೇ ಕಿವಿ ಪರೀಕ್ಷೆ. ಮೇಡಂ ಅರ್ಥವಿಲ್ಲದ ಪದಗಳನ್ನು ಹೇಳುವುದು, ವಿದ್ಯಾರ್ಥಿಗಳು ಕೇಳಿದ್ದನ್ನು ಧ್ವನಿಲಿಪಿಯಲ್ಲಿ ಬರೆಯುವುದು. ಇದರಲ್ಲಿ ಫೇಲಾದವರಿಗೆ ಎರಡನೇ ವರ್ಷದ ಕ್ಲಿನಿಕ್ಕಿಗೆ ಪ್ರವೇಶವಿಲ್ಲ, ಅದೇ ವರ್ಷವನ್ನು ಮತ್ತೆ ಓದಬೇಕು. ರೋಗಿಯ ಮಾತು ಕೇಳಿಸದವನು ತಿದ್ದುವುದು ಏನನ್ನು ಎಂಬುದು ಆ ನಿಯಮದ ತರ್ಕ. ನಿಯಮ ಮಾಡಿಸಿದವರೂ ಮೇಡಂ ಅವರೇ.

ಪದ ಹೇಳುವಾಗ ತುಟಿ ನೋಡಿ ಊಹಿಸಬಾರದೆಂದು ಅವರು ಮುಖಕ್ಕೆ ಒಂದು ರಟ್ಟು ಅಡ್ಡ ಹಿಡಿಯುತ್ತಿದ್ದರು. ಅಂದೂ ಹಿಡಿದರು. ಬೆಂಚಿಗೊಬ್ಬರಂತೆ ಕೂರಿಸಿದರು. ಎಂದಿನ ಎಚ್ಚರಿಕೆಯನ್ನು ಕೊಟ್ಟರು: “ಕಿವಿಗೆ ಬಿದ್ದದ್ದನ್ನ ಬರೀರಿ. ತಲೆಗೆ ಹೊಳೆದದ್ದು ನನಗೆ ಬೇಡ.”

ರಟ್ಟಿನ ಹಿಂದಿನಿಂದ ಒಂದೊಂದೇ ಪದ ಬಂತು. ಕೆಲವು ಪದಗಳಿಗೆ ವಿದ್ಯಾರ್ಥಿಗಳು ತಲೆಯೆತ್ತಿ ಒಬ್ಬರ ಮುಖ ಒಬ್ಬರು ನೋಡಿದರು. ರಟ್ಟಿನ ಹಿಂದಿದ್ದವರಿಗೆ ಅದು ಕಾಣಲಿಲ್ಲ.

ಪತ್ರಿಕೆ ತಿದ್ದಲು ಕೂತಾಗ ಮೇಡಂಗೆ ಮೊದಲು ಸಿಟ್ಟು ಬಂತು, ಆಮೇಲೆ ಅನುಮಾನ ಬಂತು, ಮತ್ತೆ ಸಿಟ್ಟೇ ಬಂತು. ಸಕಾರ ಇರಬೇಕಾದ ಕಡೆಯಲ್ಲೆಲ್ಲ ಇಡೀ ತರಗತಿ ಬೆಲ್ಟು ಕಟ್ಟಿದ ಮೊಟ್ಟೆ ಇಟ್ಟಿತ್ತು. ಪದಗಳಲ್ಲಿ ಸಕಾರ ಧಾರಾಳವಾಗಿತ್ತು. ಹಾಗಾಗಿ ಇಡೀ ತರಗತಿ ಫೇಲು. ಒಬ್ಬನನ್ನು ಬಿಟ್ಟು. ನಿರ್ದೋಷಿಯ ಪತ್ರಿಕೆಯಲ್ಲಿ ಒಂದೂ ತಪ್ಪಿಲ್ಲ.

ಫಲಿತಾಂಶ ನೋಟಿಸ್ ಬೋರ್ಡಿಗೆ ಹೋಗುವ ಹಿಂದಿನ ದಿನ ಮಧ್ಯಾಹ್ನ ತಿದ್ದಿದ ಪತ್ರಿಕೆಗಳನ್ನು ತರಗತಿಗೆ ತೋರಿಸಿದರು. ಪತ್ರಿಕೆ ಹಿಡಿದು ಹಕಾರ ನೆಟ್ಟಗೆ ಅವರ ಕೋಣೆಗೇ ಬಂದಳು. ಬಟ್ಟೆ ಅಂಗಡಿಯ ಕೌಂಟರಿನ ಕೆಲಸ ಬಿಟ್ಟು ಓದಲು ಬಂದವಳು. ಒಂದು ವರ್ಷದಲ್ಲಿ ಕ್ಲಿನಿಕ್ಕಿಗೆ ಹೋದರೆ ಮುಂದಕ್ಕೆ ಓದಿಸುತ್ತೇವೆ, ಇಲ್ಲದಿದ್ದರೆ ಮತ್ತೆ ಕೌಂಟರಿಗೆ ನಡಿ ಎಂದು ಮನೆಯಲ್ಲಿ ಹೇಳಿ ಕಳಿಸಿದ್ದರು. ಈ ಸಂಗತಿ ಇಡೀ ಕಾಲೇಜಿಗೆ ಗೊತ್ತು, ಏಕೆಂದರೆ ಅವಳಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ.

“ಮೇಡಂ, ಇದು ತಪ್ಪಲ್ಲ.”

“ಯಾವುದು?”

“ಮೊಟ್ಟೆ.”

“ಅಲ್ಲಿರೋದು ಸಕಾರ. ನಾನೇ ಹೇಳಿದ್ದು, ನನಗೆ ಗೊತ್ತಿಲ್ವಾ?”

“ನೀವ್ ಏಳಿದ್ದನ್ನೇ ಬರ್ದಿದೀವಿ ಮೇಡಂ!” ಸಿಟ್ಟು ಬಂದರೆ ಅವಳ ಹಕಾರ ಹಾರಿಹೋಗುತ್ತಿತ್ತು.

“ಹೇಳಿದ್ದು. ಹ. ಹೊಟ್ಟೆಯಿಂದ ಗಾಳಿ ಬಿಡು.”

“ಹೇಳಿದ್ದು,” ಎಂದಳು ಅವಳು ಗಾಳಿ ಬಿಟ್ಟು. “ನೀವು ಹೇಳಿದ್ದು ಮೊಟ್ಟೆಯನ್ನೇ.”

“ಇಡೀ ಮಂದೆ ಒಂದೇ ಹಳ್ಳಕ್ಕೆ ಬಿದ್ದರೆ ಅದು ರಸ್ತೆ ಆಗಲ್ಲ ಕಣಮ್ಮಾ. ಒಬ್ಬನಿಗಾದ್ರೂ ಸರಿಯಾಗಿ ಕೇಳಿಸಿದೆ, ನೋಡು.”

“ಅವನಿಗಾ?” ಎಂದಳು ಹಕಾರ. ಏನೋ ಹೇಳಬೇಕೆಂದು ಬಾಯಿ ತೆರೆದು, ಚಾಡಿಯಾಗುತ್ತದೆಂದೋ ಏನೋ ಮುಚ್ಚಿದಳು. ಬಾಗಿಲವರೆಗೆ ಹೋಗಿ ತಿರುಗಿದಳು. “ತಲೆಗೆ ಹೊಳೆದದ್ದು ಬೇಡ, ಕಿವಿಗೆ ಬಿದ್ದದ್ದು ಬರೀರಿ ಅಂದ್ರಿ. ಬರೆದ್ವಿ. ಇನ್ನೇನ್ ಮಾಡ್ಬೇಕಿತ್ತು ಅಂತ ಅದನ್ನಾದ್ರೂ ಹೇಳಿ.”

ಈ ಸಲ ಹಕಾರ ಸ್ಪಷ್ಟವಾಗಿತ್ತು. ಮೇಡಂಗೆ ಚುಚ್ಚಿದ್ದು ಅದೇ. ಸಿಟ್ಟಿನಲ್ಲಿಯೂ ಹಕಾರ ಉಳಿಸಿಕೊಂಡವಳ ಕಿವಿ ಕೆಟ್ಟಿರಲು ಸಾಧ್ಯವೇ? ಬೆಂಚಿಗೊಬ್ಬರಂತೆ ಕೂತವರು ಒಂದೇ ತಪ್ಪನ್ನು, ಒಂದೇ ಜಾಗಗಳಲ್ಲಿ ಮಾಡುವುದು ಹೇಗೆ? ಬೇರೆ ಯಾವ ಶಬ್ದವೂ ಹೀಗೆ ಕೆಟ್ಟಿಲ್ಲ. ಒಸಡಿನ ದಿಬ್ಬದ ಬಳಿ ಹುಟ್ಟುವ ಸಿಳ್ಳೆಯೊಂದೇ ಕೆಟ್ಟಿದೆ. ಅಷ್ಟು ಯೋಚಿಸಿ ಅವರು ತಮ್ಮ ನಾಲಿಗೆಯನ್ನು ಆ ದಿಬ್ಬದ ಮೇಲೆ ಆಡಿಸಿದರು. ದಿಬ್ಬವಿದ್ದ ಜಾಗದಲ್ಲಿ ದಪ್ಪ ಗುಲಾಬಿ ತಟ್ಟೆ ಇತ್ತು.

ಕಪಾಟಿನಿಂದ ಒಂದು ಚಿಕ್ಕ ಡಬ್ಬಿ, ಒಂದು ಕುಂಚ ತೆಗೆದು ಕೈಚೀಲಕ್ಕೆ ಹಾಕಿಕೊಂಡರು. ಡಬ್ಬಿಯಲ್ಲಿದ್ದದ್ದು ನುಣ್ಣಗೆ ಅರೆದ ಇದ್ದಿಲು. ವರ್ಷಕ್ಕೊಮ್ಮೆ ಅದನ್ನು ಅಡುಗೆ ಎಣ್ಣೆಯಲ್ಲಿ ಕಲಸಿ ಯಾರಾದರೂ ಬಡಪಾಯಿ ವಿದ್ಯಾರ್ಥಿಯ ನಾಲಿಗೆಗೆ ಬಳಿದು ಒಂದು ಶಬ್ದ ಹೇಳಿಸುತ್ತಿದ್ದರು. ನಾಲಿಗೆ ಅಂಗುಳದಲ್ಲಿ ಎಲ್ಲೆಲ್ಲಿ ಮುಟ್ಟಿತೋ ಅಲ್ಲೆಲ್ಲ ಕಪ್ಪು. ಕನ್ನಡಿ ಹಿಡಿದು, ಟಾರ್ಚ್ ಬಿಟ್ಟು ಅದನ್ನು ನೋಡುವುದು. ಸಕಾರದ ಗುರುತು ಕುದುರೆ ಲಾಳದಂತೆ ಎರಡೂ ಪಕ್ಕಕ್ಕೆ ಬಿದ್ದು, ಮುಂದೆ ಕಾಲುವೆಯ ಜಾಗ ಖಾಲಿ ಇರುತ್ತಿತ್ತು. ಮೇಡಂ ಸ್ವಂತ ಅಂಗುಳದ ಅಂಥದೊಂದು ಚಿತ್ರ, ಅವರು ವಿದ್ಯಾರ್ಥಿನಿಯಾಗಿದ್ದ ಕಾಲದ್ದು, ತರಗತಿಯ ಗೋಡೆಯ ಮೇಲೆ ಮಾದರಿಯಾಗಿ ತೂಗಾಡುತ್ತಿತ್ತು.

ಮನೆಯಲ್ಲಿ ಯಜಮಾನರು ಊಟದ ಮೇಜಿನ ಮೇಲೆ ಪೇಪರ್ ಹಾಸಿ ಹಳೆಯ ಬೀಗವೊಂದನ್ನು ಬಿಚ್ಚಿ ಕೂತಿದ್ದರು. ಮೇಡಂ ಅಡುಗೆಮನೆಗೆ ಹೋಗಿ ನಾಲಿಗೆಗೆ ಕಪ್ಪು ಬಳಿದುಕೊಂಡು, “ಅಸಾ” ಎಂದು, ಸೆಟ್ಟನ್ನು ತೆಗೆದು ಒಂದು ಸ್ಟೀಲ್ ತಟ್ಟೆಯಲ್ಲಿಟ್ಟು ದೀಪದ ಕೆಳಗೆ ತಂದರು. ಕನ್ನಡಿಯೂ ಬೇಡ, ಟಾರ್ಚೂ ಬೇಡ. ಕಟ್ಟಿಸಿದ ಅಂಗುಳಕ್ಕೆ ಇದೊಂದು ಅನುಕೂಲ.

ಲಾಳವಿರಲಿಲ್ಲ. ಮುಂದಿನ ಹಲ್ಲುಗಳ ಬೆನ್ನು ಕಪ್ಪಾಗಿತ್ತು. ದಪ್ಪ ತಟ್ಟೆಯ ಕಾಟಕ್ಕೆ ಜಾಗ ಸಿಗದೆ ನಾಲಿಗೆ ಮುಂದಕ್ಕೆ ಬಂದು ಹಲ್ಲಿಗೆ ಒರಗಿಕೊಂಡಿತ್ತು. ಎಳೆಯ ವಿದ್ಯಾರ್ಥಿಗಳಿಗೆ ಕೇಳಿಸಿದ್ದು ಅದೇ. ಮೇಡಂಗೆ ಕೇಳಿಸಿದ್ದು, ತಾವು ಹೇಳಬೇಕೆಂದಿದ್ದದ್ದು.

ಯಜಮಾನರು ಕನ್ನಡಕ ಏರಿಸಿ ತಟ್ಟೆಗೆ ಬಗ್ಗಿದರು. “ಏನಿದು? ಸುಟ್ಟುಹೋಯ್ತಾ?”

ಹಲ್ಲು ತಟ್ಟೆಯಲ್ಲಿರುವಾಗ ಬೈಯುವುದು ಸುಲಭವಲ್ಲ. ಮೇಡಂ ಕಪ್ಪು ಹಲ್ಲನ್ನು ಹಾಗೆಯೇ ಹಾಕಿಕೊಂಡರು. “ನನ್ನ ಸಕಾರ ಕೆಟ್ಟಿದೆ ಅಂತ ನಿಮಗೆ ಗೊತ್ತಿತ್ತಾ?”

“ಹಲ್ಲು ಕಟ್ಟಿಸಿದ ದಿನಾನೇ ಗೊತ್ತಾಯ್ತು.”

“ಮತ್ತೆ ನಾನು ಕೇಳಿದಾಗ ಯಾಕೆ ಹೇಳಲಿಲ್ಲ?”

“ಮದುವೆಗೆ ಮುಂಚೆಯಿಂದ ನನ್ನ ಬಾಯಿ ತಿದ್ತಿದ್ದೀಯ. ನನಗೂ ಒಂದು ಕಾಲ ಬರುತ್ತೆ ಅಂತ ಕಾಯ್ತಿದ್ದೆ. ಬಂತು. ನಾಲ್ಕು ದಿನ ಅನುಭವಿಸೋಣ ಅಂತಿದ್ದೆ, ಅದಕ್ಕೂ ಕಲ್ಲು ಹಾಕಿದೆ.”

“ಇಡೀ ಕ್ಲಾಸ್ ಫೇಲಾಗಿದೆ ರೀ!”

ಯಜಮಾನರು ಬೀಗ ಕೆಳಗಿಟ್ಟರು. ತಮಾಷೆ ಅಷ್ಟು ದೂರ ಹೋಗಿದೆ ಎಂದು ಅವರಿಗೆ ಗೊತ್ತಿರಲಿಲ್ಲ. “ಹಾಗಾದ್ರೆ ಎಲ್ಲರಿಗೂ ಪಾಸು ಅಂತ ಹಾಕಿಬಿಡು. ಯಾರು ಕೇಳ್ತಾರೆ?”

“ಯಾಕೆ ಪಾಸು ಅಂತ ಕಾರಣ ಬರೀಬೇಕು.”

“ಏನಾದ್ರೂ ಬರಿ. ಪೇಪರ್ ಕಷ್ಟ ಇತ್ತು ಅಂತ ಬರಿ.” ಅವರು ಪೆಟ್ಟಿಗೆಯಿಂದ ಸಣ್ಣ ಅರವೊಂದನ್ನು ಎತ್ತಿಕೊಂಡರು. “ಅದನ್ನ ಇಲ್ಲಿ ಕೊಡು. ಎಲ್ಲಿ ದಪ್ಪ ಇದೆ ಹೇಳು, ನಾಲ್ಕು ಸಲ ಎಳೆದ್ರೆ ಸುದ್ಧ ಆಗುತ್ತೆ.”

“ಬೀಗ ಉಜ್ಜಿದ ಅರ ನನ್ನ ಬಾಯಿಗಾ?” ಎಂದು ಮೇಡಂ ಎದ್ದುಹೋದರು. ‘ಶುದ್ಧ’ ಎಂದು ತಿದ್ದಲು ನಾಲಿಗೆ ತುದಿಯವರೆಗೆ ಬಂದಿತ್ತು. ನುಂಗಿಕೊಂಡರು. ಯಜಮಾನರು ಗೆದ್ದವರಂತೆ ಬೀಗಕ್ಕೆ ಮರಳಿದರು.

ಬೆಳಿಗ್ಗೆ ಪ್ರಿನ್ಸಿಪಾಲರ ಕೋಣೆಯಲ್ಲಿ ಮೇಡಂ ಒಂದು ಹಾಳೆ ಕೊಟ್ಟು ಫಲಿತಾಂಶ ತಡೆಹಿಡಿಯಿರಿ ಎಂದರು. ಪ್ರಿನ್ಸಿಪಾಲರು ಓದಿದರು, ಮತ್ತೆ ಓದಿದರು. “ಮೇಡಂ, ಕಾರಣ ‘ಪರೀಕ್ಷಕರ ಬಾಯಿ ಸರಿಯಿರಲಿಲ್ಲ’ ಅಂತಿದೆ. ಇದನ್ನ ಹೀಗೇ ಫೈಲಿಗೆ ಹಾಕಲಾ?”

“ಬೇರೆ ಹೇಗೆ ಹಾಕ್ತೀರಿ?”

“ಅಲ್ಲ, ಓದಿದವರು ಬೇರೆ ಅರ್ಥ ಮಾಡ್ಕೋಬಹುದು.”

“ಅದೂ ಸುಳ್ಳಲ್ಲ, ಹಾಕಿ,” ಎಂದು ಹೊರಟರು.

ತರಗತಿಗೆ ಬಂದಾಗ ಎಲ್ಲರೂ ಸಾವಿನ ಮನೆಗೆ ಬಂದವರಂತೆ ಕೂತಿದ್ದರು. ನಿರ್ದೋಷಿಯೊಬ್ಬನೇ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಬೆಳಗುವ ಮುಖದಿಂದ ಕೂತಿದ್ದ. ಮೇಡಂ ರಟ್ಟು ಎತ್ತಿಕೊಂಡು, ಈ ಸಲ ಅದನ್ನು ಮುಖಕ್ಕೆ ಹಿಡಿಯದೆ ಮೇಜಿನ ಮೇಲೆ ಮಲಗಿಸಿದರು.

“ಒಬ್ಬ ರೋಗಿ ಬಂದಿದ್ದಾರೆ. ವಯಸ್ಸಾದ ಹೆಂಗಸು, ಹೊಸದಾಗಿ ಹಲ್ಲು ಕಟ್ಟಿಸಿದ್ದಾರೆ. ಒಂದು ಪದ ಹೇಳ್ತಾರೆ. ಕೇಳಿ, ಬಾಯಿಯನ್ನೂ ನೋಡಿ.” ನಿಧಾನವಾಗಿ “ಅಸಾ” ಎಂದರು. “ನಡುವಿನ ಶಬ್ದಕ್ಕೆ ಅಡ್ಡಿ ಎಲ್ಲಿ?”

ಕೆಲವರು ಬೆಂಚಿನ ಕೆಳಗೆ ಬಗ್ಗಿ ಪೆನ್ನು ಹುಡುಕಿದರು.

“ಎಲ್ಲಿ ಅಂದೆ. ರೋಗಿಗೆ ಹೆದರಿದರೆ ಕ್ಲಿನಿಕ್ಕಿನಲ್ಲಿ ಏನು ಮಾಡ್ತೀರಿ?”

“ಹಲ್ಲಲ್ಲಿ ಮೇಡಂ,” ಎಂದ ಳಕಾರ.

“ಹೇಗೆ?”

“ಉಜ್ಜಿಕೊಂಡು. ಘರ್ಷ.”

“ಗಂಟಲು?”

“ಸುಮ್ಮನಿದೆ,” ಎಂದರು ನಾಲ್ಕೈದು ಜನ ಒಟ್ಟಿಗೆ.

“ಚಿಹ್ನೆ?”

ಮೇಡಂ ಬಾಗಿಲ ಕಡೆ ತಿರುಗಿದರು. “ನಿನ್ನೆ ಅಷ್ಟು ಜೋರಾಗಿ ಹೇಳಿದೆಯಲ್ಲಮ್ಮಾ, ಈಗೇನು?”

“ಬೆಲ್ಟು ಕಟ್ಟಿದ ಮೊಟ್ಟೆ ಮೇಡಂ,” ಎಂದಳು ಹಕಾರ.

“ಸರಿ. ಎಲ್ಲ ಪತ್ರಿಕೆನೂ ಮತ್ತೆ ತಿದ್ದಿದ್ದೀನಿ. ನೀವು ಬರೆದದ್ದು ಸರಿ, ನಾನು ಹೇಳಿದ್ದು ತಪ್ಪು. ಕ್ಲಿನಿಕ್ಕಿಗೆ ಹೋಗಿ. ಇಷ್ಟಕ್ಕೆ ಕುಣಿಯೋದು ಬೇಡ, ನಿಮ್ಮಲ್ಲಿ ಅರ್ಧ ಜನಕ್ಕೆ ಇನ್ನೂ ಣಕಾರ ನಕಾರ ಒಂದೇ.”

ಕುಣಿಯಬೇಡಿ ಎಂದರೂ ಗದ್ದಲವಾಯಿತು. ಹಕಾರ ಮೇಜಿನ ಮೇಲೆ ತಲೆಯಿಟ್ಟು ಕೂತಳು, ಆಮೇಲೆ ಮೂಗು ಒರೆಸಿಕೊಂಡು ಎದ್ದಳು. ಗದ್ದಲ ತಗ್ಗಲು ಬಿಟ್ಟು ಮೇಡಂ ಕೊನೆಯ ಬೆಂಚಿಗೆ ಕಣ್ಣು ಹಾಯಿಸಿದರು. ಅವರು ಎದುರಿನವರ ಬಾಯಿಯ ಬದಲು ಕಣ್ಣು ನೋಡುವುದು ಅಪರೂಪ.

“ಏನಪ್ಪಾ ನಿರ್ದೋಷಿ. ಯಾರ ಬಾಯಿಂದಲೂ ಬರದ ಸಕಾರ ನಿನ್ನ ಕಿವಿಗೆ ಎಲ್ಲಿಂದ ಬಿತ್ತು?”

ಬೆಳಗುತ್ತಿದ್ದ ಮುಖ ಹೆಲ್ಮೆಟ್ಟಿನ ಕಡೆ ಬಗ್ಗಿತು. “ಮೇಡಂ, ನೀವು ಪ್ರತಿ ವರ್ಷ ಅದೇ ಪದ ಕೊಡ್ತೀರಂತೆ. ಸೀನಿಯರ್ಸ್ ಹೇಳಿದ್ರು. ಬಾಯಿಪಾಠ ಮಾಡಿದ್ದೆ.”

ಇದು ಎರಡನೇ ಪೆಟ್ಟು. ಆ ಪದಗಳನ್ನು ಮೇಡಂ ಹರೆಯದಲ್ಲಿ ಬಹಳ ಮುತುವರ್ಜಿಯಿಂದ ಕಟ್ಟಿದ್ದರು. ಅವಕ್ಕಿಂತ ಒಳ್ಳೆಯವು ಇರಲಾರವೆಂದು ಬದಲಿಸಿರಲಿಲ್ಲ. ಹಲ್ಲು ಬದಲಾದರೂ ಪದ ಬದಲಾಗಿರಲಿಲ್ಲ.

“ಅಂದ್ರೆ ಪರೀಕ್ಷೆಯಲ್ಲಿ ಕೇಳಿಸಿಕೊಳ್ಳಲೇ ಇಲ್ಲ?”

“ಕೇಳಿಸ್ಕೊಂಡೆ ಮೇಡಂ. ಬೇರೆ ಥರ ಇತ್ತು. ಆದ್ರೆ ನೀವು ತಪ್ಪು ಹೇಳ್ತೀರಾ ಅಂತ...”

“ಮುಖಸ್ತುತಿ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಬರಲ್ಲ. ನೀನೊಬ್ಬ ಫೇಲು. ಅರ್ಧ ತಪ್ಪು ನನ್ನದು, ಅದಕ್ಕೆ ವರ್ಷ ಕಳೀಬೇಕಿಲ್ಲ. ದಿನಾ ಮಧ್ಯಾಹ್ನ ನನ್ನ ಕೋಣೆಗೆ ಬಾ. ನಾನು ರಟ್ಟು ಹಿಡಿದು ಸಕಾರದ ಪದ ಹೇಳ್ತೀನಿ. ತಪ್ಪಿದಾಗ ತಪ್ಪು ಅನ್ನಬೇಕು. ನಿನ್ನ ಕಿವಿ ಸರಿಯಾದ ದಿನ ಪಾಸು.”

ಅಂದೇ ಸಂಜೆ ಮೇಡಂ ಡಬ್ಬಿ, ಕುಂಚಗಳ ಸಮೇತ ಹಲ್ಲಿನ ಡಾಕ್ಟರಲ್ಲಿಗೆ ಹೋದರು. ಕಪ್ಪಾದ ಸೆಟ್ಟನ್ನು ಅವರ ಕೈಯಲ್ಲಿಟ್ಟು ಇಲ್ಲಿ ಉಜ್ಜಿ, ಇಲ್ಲಿ ಬೇಡ ಎಂದು ಬೆರಳಿಟ್ಟು ತೋರಿಸಿದರು. ಡಾಕ್ಟರು ಉಜ್ಜಿದರು. ಕೊಡುವಾಗ, “ಇನ್ನು ನಾಲಿಗೆಗೆ ಅಭ್ಯಾಸ ಆಗಬೇಕಮ್ಮಾ. ಪೇಪರ್ ಓದಿದ್ರಾ?” ಎಂದರು. ಮರುದಿನ ಬೆಳಗಿನಿಂದ ಮನೆಯಲ್ಲಿ ಪೇಪರು ಗಟ್ಟಿಯಾಗಿ ಕೇಳಿಸತೊಡಗಿತು. ಯಜಮಾನರು ಎದುರು ಕೂತು, ಯಾರೂ ಕೇಳದಿದ್ದರೂ, ಬೀಗದಿಂದ ತಲೆಯೆತ್ತದೆ “ಹ್ಞೂಂ”, “ಊಹ್ಞೂಂ” ಎಂದು ತೀರ್ಪು ಕೊಡುತ್ತಿದ್ದರು.

ನಿರ್ದೋಷಿ ಮೊದಲ ದಿನಗಳಲ್ಲಿ ರಟ್ಟಿನ ಹಿಂದಿನಿಂದ ಏನು ಬಂದರೂ ಸರಿಯೆನ್ನುತ್ತಿದ್ದ.

“ಸರಿ ಮೇಡಂ.”

“ಈಗ?”

“ಸರಿ ಮೇಡಂ. ಇದು ಇನ್ನೂ ಚೆನ್ನಾಗಿತ್ತು.”

ರಟ್ಟು ಕೆಳಗಿಳಿಯಿತು. ಮೇಡಂ ಸೆಟ್ಟನ್ನು ಕೈಯಲ್ಲಿ ಹಿಡಿದುಕೊಂಡಿದ್ದರು. ಹಾಕಿಕೊಂಡು ಹೇಳಿದರು: “ಹಲ್ಲೇ ತೆಗೆದು ಹೇಳಿದೆ ಕಣಪ್ಪಾ.”

ಅದಾದ ಮೇಲೆ ಅವನು ಕಣ್ಣು ಮುಚ್ಚಿ ಕೇಳತೊಡಗಿದ. ಹೋಗುವಾಗ ಬರುವಾಗ ಕಾರಿಡಾರಿನಲ್ಲಿ ಹಕಾರ ಅವನನ್ನು ಹಿಡಿದು ನಿಲ್ಲಿಸಿ, ಬಾಗಿಲ ಹೊರಗೆ ನಿಂತು ತಾನು ಕೇಳಿಸಿಕೊಂಡದ್ದಕ್ಕೆ ಅವನು ಹೇಳಿದ್ದನ್ನು ತಾಳೆ ಹಾಕಿ ಛೇಡಿಸುತ್ತಿದ್ದಳು. ಕಾಲೇಜಿನಲ್ಲಿ ಅಷ್ಟರಲ್ಲಿ ನಾಲಿಗೆ ಮೇಡಂ ಎಂಬ ಹೆಸರು ಹೋಗಿ ಸಕಾರ ಮೇಡಂ ಎಂಬುದು ಬಂದಿತ್ತು. ಅದು ಮೇಡಂ ಕಿವಿಗೂ ಬಿತ್ತು. ಪದ್ಧತಿ ತಮ್ಮದೇ ಆದ್ದರಿಂದ ಯಾರ ಮೇಲೆ ರೇಗುವುದು ಎಂದು ತಿಳಿಯಲಿಲ್ಲ.

ಒಂದು ಮಧ್ಯಾಹ್ನ ರಟ್ಟಿನ ಹಿಂದಿನಿಂದ ಒಂದು ಪದ ಬಂತು. ಆ ಪದದಲ್ಲಿ ಸಕಾರ ಅಚ್ಚುಕಟ್ಟಾಗಿ ಬಂದಿದೆ ಎಂದು ಮೇಡಂಗೆ ಅನ್ನಿಸಿತ್ತು.

“ತಪ್ಪು ಮೇಡಂ,” ಎಂದ ನಿರ್ದೋಷಿ, ಕಣ್ಣು ಮುಚ್ಚಿಕೊಂಡೇ.

“ಇಲ್ಲ, ಸರಿಯಾಗಿತ್ತು.”

“ಇಲ್ಲ ಮೇಡಂ. ಸಿಳ್ಳೆ ಇರಲಿಲ್ಲ. ಸರಸರ ಅಂತು.”

“ಯೋಚಿಸಿ ಹೇಳು. ಇದು ಪರೀಕ್ಷೆ.”

ಅವನು ಕಣ್ಣು ತೆರೆಯಲಿಲ್ಲ. “ತಪ್ಪೇ ಮೇಡಂ.”

ಮೇಡಂ ಗೋಡೆಯ ಕಡೆ ತಿರುಗಿ ಕುಂಚವನ್ನು ಎಣ್ಣೆಯ ಕಪ್ಪಿನಲ್ಲಿ ಅದ್ದಿ ನಾಲಿಗೆಗೆ ಬಳಿದುಕೊಂಡು ಅದೇ ಪದವನ್ನು ಅದೇ ರೀತಿಯಲ್ಲಿ ಹೇಳಿ ಸೆಟ್ಟು ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಲಾಳ ಬಹುಮಟ್ಟಿಗೆ ಬಂದಿತ್ತು. ಆದರೆ ಮುಂದಿನ ಒಂದು ಹಲ್ಲಿನ ಬೆನ್ನಿಗೆ, ಇರುವೆ ಗಾತ್ರದ ಕಪ್ಪು.

ಸೆಟ್ಟು ಹಾಕಿಕೊಂಡು ಕೂತು ಅವನ ಪತ್ರಿಕೆ ತೆಗೆದು, ಫೇಲು ಎಂಬುದನ್ನು ಹೊಡೆದು ಪಾಸು ಎಂದು ಬರೆದು ಸಹಿ ಮಾಡಿದರು. ನಿರ್ದೋಷಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೆಲ್ಮೆಟ್ಟನ್ನು ಕುರ್ಚಿಯಲ್ಲಿಯೇ ಮರೆತು ಬಾಗಿಲಿಗೆ ಓಡಿದ. ಅಲ್ಲಿಂದ ತಿರುಗಿ ಕೇಳಿದ, “ಮೇಡಂ, ಇನ್ನು ನಾಳೆಯಿಂದ ಬರೋದು ಬೇಡ ಅಲ್ವಾ?”

“ಯಾಕೆ ಬೇಡ?” ಎಂದರು ಮೇಡಂ, ಕಪ್ಪು ಹಲ್ಲು ಕಾಣುವಂತೆ. “ಸರಿಹೋದದ್ದು ನಿನ್ನ ಕಿವಿ. ನನ್ನ ಸಕಾರ ಎಲ್ಲಿ ಸರಿಹೋಗಿದೆ? ಹೊತ್ತಿಗೆ ಸರಿಯಾಗಿ ಬಾ.”